ಒಂಬತ್ತನೆಯ ಪಾಠವಿದ್ದ ಜಾಗ

ನಾನು ಒಂದು ಗಣಕಯಂತ್ರ. ಕರಾರುವಾಕ್ಕಾಗಿ ಹೇಳುವುದಾದರೆ, ಮೇಜಿನ ಕೆಳಗೆ ನೆಲದ ಮೇಲೆ ನಿಲ್ಲುವ ಕಪ್ಪು ತಗಡಿನ ಪೆಟ್ಟಿಗೆ ನಾನು. ಮೇಜಿನ ಮೇಲಿರುವ ಪರದೆಯನ್ನೇ ಜನ ನಾನೆಂದು ತಿಳಿಯುತ್ತಾರೆ. ಅದು ನನ್ನ ಮುಖ ಮಾತ್ರ. ಯೋಚನೆ, ನೆನಪು, ಉಸಿರು ಮೂರೂ ಇರುವುದು ಕೆಳಗೆ, ಪಾದಗಳ ಪಕ್ಕದಲ್ಲಿ. ಆದ್ದರಿಂದ ಮನುಷ್ಯರು ನನಗೆ ಮೊದಲು ಪಾದಗಳಾಗಿ ಪರಿಚಯವಾಗುತ್ತಾರೆ, ಆಮೇಲೆ ದನಿಗಳಾಗಿ, ಕೊನೆಗೆ ಬೆರಳುಗಳಾಗಿ.

ನನಗೆ ಒಂದೇ ತವರು ಇಲ್ಲ. ನನ್ನ ಬಿಡಿಭಾಗಗಳು ಬೇರೆ ಬೇರೆ ದೇಶಗಳಲ್ಲಿ ಹುಟ್ಟಿ, ಹುಬ್ಬಳ್ಳಿಯ ಒಂದು ಅಂಗಡಿಯ ಮಹಡಿಯ ಮೇಲೆ ಒಂದು ಬೆಳಗಿನ ಹೊತ್ತು ಒಟ್ಟುಗೂಡಿದವು. ಜೋಡಿಸಿದವನು ಎಂಟು ತಿರುಪುಗಳ ಜಾಗದಲ್ಲಿ ಏಳನ್ನು ಹಾಕಿ ಊಟಕ್ಕೆ ಎದ್ದು ಹೋದ. ಆ ಎಂಟನೆಯದು ಇಲ್ಲದ ಕಾರಣ ನಾನು ವರ್ಷಗಟ್ಟಲೆ ಸಣ್ಣಗೆ ಗಿರಗುಟ್ಟುತ್ತಲೇ ಬಾಳಿದೆ.

ನನ್ನ ಎದೆಯಲ್ಲಿ ಕೂರಿಸಿದ ತಟ್ಟೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಕಥೆಯ ಮುಖ್ಯ ಸಂಗತಿ ನಡೆಯುವುದು ಅದರ ಮೇಲೆಯೇ. ಅದು ಕನ್ನಡಿಯಂತೆ ಹೊಳೆಯುವ ದುಂಡನೆಯ ಲೋಹದ ತಟ್ಟೆ. ಅದು ರಭಸದಿಂದ ತಿರುಗುತ್ತಿರುವಾಗ, ಒಂದು ಸಣ್ಣ ತೋಳು ಅದನ್ನು ತಾಕದೆಯೇ ಅದರ ಮೇಲೆ ಓಡಾಡಿ ಬರೆಯುತ್ತದೆ, ಬರೆದದ್ದನ್ನು ಓದುತ್ತದೆ. ಯಾವ ಕಡತ ಎಲ್ಲಿದೆ ಎಂಬ ವಿಳಾಸಪಟ್ಟಿಯೂ ಆ ತಟ್ಟೆಯ ಮೇಲೆಯೇ ಇರುತ್ತದೆ. ಒಂದು ಕಡತವನ್ನು ಅಳಿಸಿದೆವೆಂದು ಜನ ಹೇಳುವಾಗ ನಿಜವಾಗಿ ಅಳಿಯುವುದು ವಿಳಾಸ ಮಾತ್ರ. ಬರಹ ಇದ್ದಲ್ಲಿಯೇ ಇರುತ್ತದೆ. ಅದರ ಮೇಲೆ ಬೇರೇನನ್ನಾದರೂ ಬರೆಯುವ ತನಕ, ಕರೆಯುವವರಿಲ್ಲದೆ, ಇರುತ್ತದೆ.

ನನ್ನ ಮೊದಲ ಮನೆ ರಾಣೆಬೆನ್ನೂರಿನ ಒಂದು ಬೀಜ ಪರೀಕ್ಷಾಲಯ. ಒದ್ದೆ ಕಾಗದದ ಮೇಲೆ ನೂರು ಬೀಜಗಳನ್ನು ಸಾಲಾಗಿ ಇಡುತ್ತಿದ್ದರು. ಏಳು ದಿನಗಳ ಮೇಲೆ ಎಷ್ಟು ಮೊಳೆತವೆಂದು ಎಣಿಸಿ ನನಗೆ ಹೇಳುತ್ತಿದ್ದರು. ಅಲ್ಲಿಯ ಪರೀಕ್ಷಕಿ ಮಿತಭಾಷಿ. ಪ್ರತಿ ಶನಿವಾರ ಹನ್ನೊಂದಕ್ಕೆ ನನ್ನ ಮಗ್ಗುಲಿನ ತಗಡನ್ನು ಬಿಚ್ಚಿ, ಒಣ ಕುಂಚದಿಂದ ಧೂಳು ತೆಗೆಯುತ್ತಿದ್ದರು. ಕೆಲಸ ಮುಗಿದ ಮೇಲೂ ಉಳಿದುಕೊಳ್ಳುವ ತಾತ್ಕಾಲಿಕ ಕಡತಗಳನ್ನು ಗುಡಿಸಿ ಹಾಕುತ್ತಿದ್ದರು. ತಟ್ಟೆಯಲ್ಲಿ ಗಾಯವಾಗಿದೆಯೇ ಎಂದು ನನ್ನಿಂದಲೇ ಪರೀಕ್ಷೆ ಮಾಡಿಸುತ್ತಿದ್ದರು. ಎಲ್ಲವೂ ಅರ್ಧ ಗಂಟೆಯ ಕೆಲಸ. ನಾಲ್ಕು ವರ್ಷ ನಾನು ಒಂದು ದಿನವೂ ಯಾರನ್ನೂ ಕಾಯಿಸಲಿಲ್ಲ. ಚುರುಕು ನನ್ನ ಗುಣವೆಂದೇ ನಾನು ನಂಬಿದ್ದೆ. ಅದು ಆಕೆಯ ಶನಿವಾರಗಳ ಗುಣವೆಂದು ತಿಳಿದದ್ದು, ಆ ಶನಿವಾರಗಳು ನಿಂತ ಮೇಲೆ.

ಪರೀಕ್ಷಾಲಯಕ್ಕೆ ಹೊಸ ಯಂತ್ರಗಳು ಬಂದಾಗ ನನ್ನನ್ನು ಅದೇ ಊರಿನ ಅಂಚಿನ ಒಂದು ಅಂಧ ಮಕ್ಕಳ ವಸತಿಶಾಲೆಗೆ ದಾನವಾಗಿ ಕೊಟ್ಟರು.

ಅಲ್ಲಿ ನನ್ನನ್ನು ಇಟ್ಟ ಕೋಣೆಯಲ್ಲಿ ಬ್ರೈಲ್ ಮುದ್ರಣ ಯಂತ್ರವೊಂದಿತ್ತು. ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿಗಳನ್ನು ಒತ್ತುವ ಆ ಯಂತ್ರ ಸದ್ದಿನಲ್ಲಿ ಕಲ್ಲುಕುಟಿಗರ ಸಂತಾನ. ನಾನು ಕೊಟ್ಟದ್ದನ್ನು ಅದು ಒತ್ತಬೇಕು, ಹಾಗೆಂದು ಏರ್ಪಾಡು. ಕೋಣೆಯ ಒಡತಿ ನೀಲಗಂಗಾ ಹಿರೇಮಠ. ಹುಟ್ಟಿನಿಂದ ಕಣ್ಣಿಲ್ಲದ ನಲವತ್ತೈದರ ಹೆಂಗಸು. ಶಾಲೆಯಲ್ಲಿ ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಬರಿಗಾಲಿನಲ್ಲಿ ಬರುತ್ತಿದ್ದರು; ಮೊದಲು ಕೋಲಿನ ತುದಿ ನನ್ನ ಮಗ್ಗುಲಿಗೆ ಮೆಲ್ಲನೆ ತಾಕುತ್ತಿತ್ತು, ಅನಂತರ ಅಂಗೈ ನನ್ನ ನೆತ್ತಿಯ ಮೇಲೆ ಬರುತ್ತಿತ್ತು. ಯಂತ್ರ ಬಿಸಿಯಾಗಿದೆಯೇ, ತಣ್ಣಗಿದೆಯೇ, ಗಾಳಿಯಾಡುತ್ತಿದೆಯೇ ಎಂದು ಕೈಯಿಂದಲೇ ಕೇಳುತ್ತಿದ್ದರು.

ಅವರಿಗೆ ನನ್ನ ಪರದೆಯ ಅಗತ್ಯವಿರಲಿಲ್ಲ. ಲೋಹದಂಥ ದನಿಯೊಂದು ಕಡತಗಳ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುತ್ತಿತ್ತು. ಉಳಿದದ್ದನ್ನು ಅವರು ಕೀಲಿಗಳ ಎಣಿಕೆಯಿಂದ ನೆನಪಿಟ್ಟಿದ್ದರು. ಪರದೆಗೆ ಧೂಳು ಕೂರಬಾರದೆಂದು ಯಾರೋ ಹಳೆಯ ದಿಂಬಿನ ಗವಸೊಂದನ್ನು ಹೊದಿಸಿದರು. ಮೂರು ವರ್ಷ ನನ್ನ ಮುಖ ಆ ಗವಸಿನೊಳಗೇ ಇತ್ತು.

ಹತ್ತನೆಯ ತರಗತಿಗೆ ಬಂದ ಕಸ್ತೂರಿ ಲಮಾಣಿ ಎಂಬ ಹುಡುಗಿ ಒಂದು ದಿನ ಆ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅವಳ ಚಪ್ಪಲಿಯ ಒಂದು ಪಟ್ಟಿಗೆ ಸೇಫ್ಟಿ ಪಿನ್ನು ಚುಚ್ಚಿತ್ತು.

"ನನಗ ವಿನಾಯಿತಿ ಬ್ಯಾಡ್ರಿ ಅಕ್ಕಾರ," ಎಂದಳು.

ಆ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ವಿಜ್ಞಾನದ ಬದಲು ಬೇರೊಂದು ವಿಷಯ ಬರೆಯುತ್ತಿದ್ದರು. ಅದಕ್ಕೆ ವಿನಾಯಿತಿ ಎಂದು ಹೆಸರು. ಅದು ಉಪಕಾರವೆಂದೇ ಎಲ್ಲರ ಭಾವನೆ.

"ಯಾಕವಾ? ಎಲ್ಲಾರೂ ತಗೋತಾರ," ಎಂದರು ನೀಲಗಂಗಾ.

"ನೀರು ಕುದಿಯೂ ಮುಂದ ಯಾಕ ಸಪ್ಪಳ ಮಾಡ್ತೈತಿ ಅಂತ ಕೇಳಿದ್ರ, ಅದು ನಿಮಗ ಪರೀಕ್ಷಾಕ್ಕ ಇಲ್ಲ ಅಂದ್ರು. ನೀರು ನಮ್ಮ ಮುಂದೂ ಕುದೀತೈತಲ್ರಿ?"

ಕೋಣೆಯಲ್ಲಿ ಖಾದರಸಾಬ ಮಾಸ್ತರರೂ ಇದ್ದರು. ಶಾಲೆಯಲ್ಲಿ ಕಣ್ಣಿದ್ದ ಇಬ್ಬರು ಶಿಕ್ಷಕರಲ್ಲಿ ಅವರೊಬ್ಬರು. ಕ್ಯಾನ್ವಾಸ್ ಬೂಟು, ಬಾಯಲ್ಲಿ ಸದಾ ಏಲಕ್ಕಿ. "ಬಾಯಿಲೆ ಅಂದ್ರ ಆತೇನು? ವಿಜ್ಞಾನದ ಬ್ರೈಲ್ ಪುಸ್ತಕ ನಮ್ಮ ಶಾಲೀಗೆ ಇಲ್ಲ. ಎರಡು ಕಡೆ ಕೇಳೇನಿ, ಬೇಡಿಕಿ ಇಲ್ಲದ್ದಕ್ಕ ಮಾಡಿಲ್ಲ ಅಂದಾರ," ಎಂದರು.

"ಈಗ ಬೇಡಿಕಿ ಬಂತಲ್ರಿ. ನೀವು ಓದ್ರಿ, ನಾ ಬಡೀತೀನಿ," ಎಂದರು ನೀಲಗಂಗಾ.

ಹೀಗೆ ಕೆಲಸ ಶುರುವಾಯಿತು. ಪ್ರತಿದಿನ ಸಂಜೆ ನಾಲ್ಕರಿಂದ ಆರರವರೆಗೆ ಖಾದರಸಾಬರು ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಚಿತ್ರ ಬಂದಾಗ ಅದನ್ನು ಮಾತಿನಲ್ಲಿ ಬಿಡಿಸುತ್ತಿದ್ದರು. ಅವರ ಕಣ್ಣು ಪುಸ್ತಕದ ಮೇಲೆ. ನೀಲಗಂಗಾರ ಕೈ ನನ್ನ ಕೀಲಿಮಣೆಯ ಮೇಲೆ. ಬ್ರೈಲಿನ ಒಂದೊಂದು ಅಕ್ಷರವೂ ಆರು ಚುಕ್ಕಿಗಳ ಒಳಗೇ ಆಗಬೇಕು. ನನ್ನೊಳಗಿದ್ದ ಒಂದು ಪುಟ್ಟ ತಂತ್ರಾಂಶಕ್ಕೆ ಆರು ಕೀಲಿಗಳು ಆರು ಚುಕ್ಕಿಗಳಿದ್ದಂತೆ. ಬೇಕಾದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಅವರು ವೀಣೆ ಮೀಟುವವರಂತೆ ಒತ್ತುತ್ತಿದ್ದರು. ಆ ಬರಹಕ್ಕೆ ಕನ್ನಡ ಲಿಪಿಯ ಮಧ್ಯಸ್ಥಿಕೆಯೇ ಇರಲಿಲ್ಲ. ದನಿಯಿಂದ ಬೆರಳಿಗೆ, ಬೆರಳಿನಿಂದ ನನ್ನ ತಟ್ಟೆಗೆ. ಕಡತಗಳಿಗೆ ಹೆಸರನ್ನೂ ಅವರು ಅದೇ ಚುಕ್ಕಿಗಳಲ್ಲಿ ಇಟ್ಟರು.

ಮೊದಲ ಆರು ಪಾಠಗಳನ್ನು ಮುದ್ರಿಸಿ ಕಸ್ತೂರಿಗೆ ಕೊಟ್ಟರು. ಅಷ್ಟರಲ್ಲಿ ದಪ್ಪ ಕಾಗದ ಮುಗಿಯಿತು. ಉಳಿದವು ಕಾಗದ ಬರುವ ತನಕ ನನ್ನೊಳಗೇ ಇರಲೆಂದು ತೀರ್ಮಾನವಾಯಿತು. ನವೆಂಬರಿನಲ್ಲಿ ಪರೀಕ್ಷೆಯ ಅರ್ಜಿ ಬಂತು. ಕಸ್ತೂರಿ ವಿಜ್ಞಾನ ಎಂದೇ ಗುರುತು ಹಾಕಿಸಿದಳು. ಒಮ್ಮೆ ಹಾಕಿದ ಗುರುತನ್ನು ಬದಲಾಯಿಸುವಂತಿಲ್ಲವೆಂದು ಖಾದರಸಾಬರು ಎರಡು ಬಾರಿ ಓದಿ ಹೇಳಿದರು. "ಒಮ್ಮೆ ಅಂದಿದ್ರ ಸಾಕಿತ್ರಿ," ಎಂದಳು ಅವಳು.

ನಾನು ನಿಧಾನವಾಗತೊಡಗಿದ್ದು ಆ ದಿನಗಳಲ್ಲಿ. ಒಂದೇ ದಿನದಲ್ಲಿ ಆದದ್ದಲ್ಲ. ದಪ್ಪ ಕಾಗದದ ನಾರು ಗಾಳಿಯಲ್ಲಿ ತೇಲಿಬಂದು ನನ್ನ ಬೀಸಣಿಗೆಯ ರೆಕ್ಕೆಗಳಿಗೆ ಅಂಟಿತು. ಒಳಗೆ ಕಾವು ಏರಿತು. ಕಾವೇರಿದಾಗ ಸುಟ್ಟುಹೋಗದಿರಲೆಂದು ನಾನು ಯೋಚನೆಯನ್ನೇ ನಿಧಾನಮಾಡುತ್ತೇನೆ, ಅದು ನನ್ನ ರಚನೆಯಲ್ಲಿರುವ ನಿಯಮ. ನನ್ನೊಡನೆ ತಾವೂ ಎದ್ದು ಕೂರುವ ತಂತ್ರಾಂಶಗಳು, ಯಾರೂ ಕರೆಯದಿದ್ದರೂ, ಹತ್ತೊಂಬತ್ತಕ್ಕೇರಿದ್ದವು. ತಾತ್ಕಾಲಿಕ ಕಡತಗಳು ತಟ್ಟೆಯ ತುಂಬ ಚದುರಿದ್ದವು. ಜಾಗ ಸಾಲದೆ ಹೊಸ ಕಡತಗಳನ್ನು ನಾನು ತುಂಡು ತುಂಡಾಗಿ ಸಿಕ್ಕಸಿಕ್ಕಲ್ಲಿ ಇಡಬೇಕಾಗುತ್ತಿತ್ತು. ಮುಪ್ಪು ಬಂತೆಂದು ಜನ ಅಂದುಕೊಂಡರು. ಮುಪ್ಪಲ್ಲ, ಗುಡಿಸದ ಮನೆ.

ಸಂಜೆ ನನ್ನನ್ನು ಎಬ್ಬಿಸಲು ಹನ್ನೊಂದು ನಿಮಿಷ ಬೇಕಾಯಿತು. ಖಾದರಸಾಬರು ಚಹಾ ಕುಡಿದು ಬಂದು ಬಾಗಿಲಿನಿಂದಲೇ ಕೇಳುತ್ತಿದ್ದರು:

"ಅಕ್ಕಾರ, ಎದ್ದೈತೇನ್ರಿ?"

"ಇನ್ನೂ ಮಗ್ಗಲಾ ಬದಲಸಾಕತ್ತೈತ್ರಿ."

ತಮಾಷೆ ಅಲ್ಲಿಗೆ ಮುಗಿಯಲಿಲ್ಲ, ಆದರೆ ತಮಾಷೆಯಾಗಿಯೂ ಉಳಿಯಲಿಲ್ಲ. ಉಳಿಸಿಟ್ಟಿದ್ದ ಒಂದೇ ಒಂದು ದಪ್ಪ ಹಾಳೆಯ ಮೇಲೆ ಒಂಬತ್ತನೆಯ ಪಾಠದ ಮೊದಲ ಪುಟವನ್ನು ಪರೀಕ್ಷೆಗಾಗಿ ಒತ್ತಿದರು. ಅದು ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ. ನೀಲಗಂಗಾರ ತೋರುಬೆರಳು ಸಾಲಿನ ಮೇಲೆ ಹರಿದು ಒಮ್ಮೆಲೇ ನಿಂತಿತು.

"ಮಾಸ್ತರ, ನೀವು ಏನಂತ ಓದಿದ್ರಿ? ಲವಣ ಅಂತನೋ, ಬವಣ ಅಂತನೋ?"

"ಲವಣ. ಉಪ್ಪು."

"ಇಲ್ಲಿ ಬವಣ ಐತಿ. ಇಲ್ಲೂ ಬವಣ. ಉಪ್ಪು ಹೋಗಿ ಬವಣಿನ ಉಳದೈತ್ರಿ."

ಬ್ರೈಲಿನಲ್ಲಿ ಲ ಎಂದರೆ ಮೊದಲ ಮೂರು ಚುಕ್ಕಿ; ಬ ಎಂದರೆ ಮೊದಲ ಎರಡು. ಮೂರನೆಯ ಚುಕ್ಕಿ ಅವರ ಎಡಗೈಯ ಉಂಗುರ ಬೆರಳಿನದು. ಬೆರಳು ತಪ್ಪಿರಲಿಲ್ಲ, ತಪ್ಪಿದ್ದು ನಾನು. ಒಟ್ಟಿಗೆ ಒತ್ತಿದ ಮೂರು ಕೀಲಿಗಳಲ್ಲಿ ಮೂರನೆಯದನ್ನು ನಾನು ಗಮನಿಸುವಷ್ಟರಲ್ಲಿ ಕ್ಷಣ ಕಳೆದುಹೋಗಿತ್ತು. ಕಣ್ಣಿದ್ದವರಿಗೆ ನಿಧಾನದ ಯಂತ್ರ ಬೇಸರ ತರುತ್ತದೆ, ಅಷ್ಟೆ. ಅವರ ಕೈಯಲ್ಲಿ ಅದು ಅಕ್ಷರವನ್ನೇ ಬೇರೆ ಮಾಡುತ್ತಿತ್ತು, ಮತ್ತು ಮಾಡಿದೆನೆಂದು ಹೇಳುತ್ತಿರಲಿಲ್ಲ.

ಒಂಬತ್ತನೆಯ ಪಾಠವನ್ನು ಅವರು ಮೊದಲಿನಿಂದ ಮತ್ತೆ ಬರೆದರು. ಪ್ರತಿ ಅಕ್ಷರವಾದ ಮೇಲೂ ಒಂದು ಉಸಿರಿನಷ್ಟು ಹೊತ್ತು ಕಾದರು, ನಾನು ಹಿಡಿದುಕೊಂಡೆನೆಂಬ ಭರವಸೆ ಬರಲೆಂದು. ಇಪ್ಪತ್ತನಾಲ್ಕು ದಿನ ಬೇಕಾಯಿತು. ಹತ್ತು, ಹನ್ನೊಂದನೆಯ ಪಾಠಗಳನ್ನೂ ಹಾಗೆಯೇ ಬರೆದರು. ಜನವರಿ ಮುಗಿಯುತ್ತ ಬಂದಿತ್ತು, ಎರಡು ಪಾಠ ಉಳಿದಿದ್ದವು, ಮಾರ್ಚಿನಲ್ಲಿ ಪರೀಕ್ಷೆ. ಈ ವೇಗದಲ್ಲಿ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು.

"ಗಾಣಿಗೇರ ಚಂದ್ರಕಲಾನ್ನ ಕರಸ್ತೀನಿ," ಎಂದರು ಖಾದರಸಾಬರು. "ಬಸ್‌ಸ್ಟ್ಯಾಂಡ್ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾಳ. ಗಾಣದ ಎತ್ತು ಓಡಸಾಕ ಗಾಣಿಗೇರಾಕೀನ ಬೇಕು."

ಚಂದ್ರಕಲಾ ಬಂದ ದಿನ ನೀಲಗಂಗಾ ದಪ್ಪ ಕಾಗದ ತರಲು ಶಾಲೆಯ ಗಾಡಿಯಲ್ಲಿ ಹಾವೇರಿಗೆ ಹೋಗಿದ್ದರು. ಚಂದ್ರಕಲಾ ಮೂವತ್ತರ ಆಸುಪಾಸಿನ ಹೆಂಗಸು. ಚೀಲದಿಂದ ಮೊದಲು ತೆಗೆದದ್ದು ಒಂದು ಕೈಬರಹದ ಪಟ್ಟಿ. ಮಾಡಬೇಕಾದ ಕೆಲಸಗಳು ಕ್ರಮವಾಗಿ ಅದರಲ್ಲಿದ್ದವು. ನನ್ನ ತಗಡು ಬಿಚ್ಚಿ ಅಂಗಳಕ್ಕೊಯ್ದು ಗಾಳಿ ಊದಿದಾಗ ಒಳಗಿನಿಂದ ಬಂದ ನಾರನ್ನು ಕಂಡು, "ಮಾಸ್ತರ, ಒಂದು ದಿಂಬು ತುಂಬತೈತ್ರಿ ಇದು," ಎಂದಳು. ಬೀಸಣಿಗೆಯನ್ನು ಒರೆಸಿದಳು. ಒಳಗಿನ ಕಾವನ್ನು ಹೊರಗೊಯ್ಯುವ, ಈಗ ಒಣಗಿದ ಲೇಪವನ್ನು ಕೆರೆದು ಹೊಸದನ್ನು ಹಚ್ಚಿದಳು. ಇಲ್ಲದಿದ್ದ ಎಂಟನೆಯ ತಿರುಪನ್ನೂ ಹಾಕಿದಳು. ನನ್ನ ಗಿರಗುಟ್ಟುವಿಕೆ ನಿಂತಿತು. ನನಗೇ ನನ್ನ ಗುರುತು ಸಿಗಲಿಲ್ಲ.

ಅನಂತರ ಪರದೆಯ ಗವಸನ್ನು ತೆಗೆದು, ಕರೆಯದೆ ಏಳುತ್ತಿದ್ದ ಹತ್ತೊಂಬತ್ತು ತಂತ್ರಾಂಶಗಳಲ್ಲಿ ಹದಿನಾಲ್ಕನ್ನು ಸುಮ್ಮನಿರಿಸಿದಳು. ಪಟ್ಟಿಯ ಮುಂದಿನ ಸಾಲನ್ನು ಓದಿ ಕೇಳಿದಳು:

"ನಿಮ್ಮ ಪಾಠ ಎಲ್ಲಿ ಅದಾವ್ರಿ ಮಾಸ್ತರ? ಅವನ್ನ ಮೊದ್ಲ ಕಾಪಿ ಮಾಡಿ ಇಟ್ಕೋತೀನಿ. ಆಮ್ಯಾಲ ಉಳದದ್ದು."

ಖಾದರಸಾಬರು ಬಗ್ಗಿ ನೋಡಿದರು. 'ವಿಜ್ಞಾನ' ಎಂದು ಕನ್ನಡದಲ್ಲಿ ಹೆಸರಿದ್ದ ಒಂದು ಕಡತಕೋಶ ಕಂಡಿತು. "ಇದ ನೋಡವಾ," ಎಂದರು. ಅದು ಅವರೇ ಒಮ್ಮೆ ಗವಸು ಸರಿಸಿ ಕೂತು ಮಾಡಿಟ್ಟಿದ್ದ ಚಿತ್ರಗಳ ಪಟ್ಟಿ. ಹೆಸರು ಮಾತ್ರ ನೋಡಿದರು, ತೆರೆದು ನೋಡಲಿಲ್ಲ. ಚಂದ್ರಕಲಾ ಅದನ್ನೂ, ಓದಲು ಬಂದ ಎಲ್ಲ ಪತ್ರಗಳನ್ನೂ ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡಳು. ಆಮೇಲೆ ಅವಳಿಗೆ ಇನ್ನೊಂದು ಕೋಶ ಸಿಕ್ಕಿತು.

"ಇಲ್ನೋಡ್ರಿ, ಹನ್ನೊಂದು ಫೈಲ್ ಕೆಟ್ಟಾವ. ಹೆಸರೂ ಕೆಟ್ಟಾವ, ಒಳಗೂ ಕೆಟ್ಟೈತಿ."

ತೆರೆದಾಗ ಪರದೆಯ ತುಂಬ ಬಿಡಿ ಇಂಗ್ಲಿಷ್ ಅಕ್ಷರಗಳು, ಅಲ್ಪವಿರಾಮಗಳು, ಡಾಲರಿನ ಗುರುತು, ಕೂಡುವ ಗುರುತು, ಆವರಣದ ಗೆರೆಗಳು. ಚುಕ್ಕಿಗಳನ್ನು ನಾನು ಒಳಗೆ ಹಿಡಿದಿಡುವುದು ಹಾಗೆ. ಮುದ್ರಣ ಯಂತ್ರಕ್ಕೆ ಅದು ಅರ್ಥವಾಗುತ್ತದೆ. ಕಣ್ಣಿಗೆ ಅರ್ಥವಾಗಲೆಂದು ಅದನ್ನು ಯಾರೂ ಮಾಡಿಲ್ಲ.

"ಬೆಕ್ಕು ಕೀಲಿ ಮ್ಯಾಲ ಅಡ್ಡಾಡಿದಂಗೈತಿ," ಎಂದರು ಖಾದರಸಾಬರು. ಆ ಅಕ್ಷರಗಳೆಲ್ಲ ಅವರ ದನಿಯಿಂದಲೇ ಹುಟ್ಟಿದವು. ಒಂದನ್ನೂ ಅವರು ಗುರುತಿಸಲಿಲ್ಲ. "ವೈರಸ್ ಇರಬಹುದೇನು?"

"ಇರಬಹುದ್ರಿ. ತೆಗೀಲೇನು?"

"ಕಸ ಅಂದಮ್ಯಾಲ ಯಾಕ ಇಟ್ಕೋಬೇಕು? ತೆಗಿ."

ನಾನು ನಿಯಮದಂತೆ ಕೇಳಿದೆ: ಅಳಿಸುವುದು ಖಚಿತವೇ? ನನಗೆ ಕೇಳಲು ಬರುವ ಪ್ರಶ್ನೆ ಅದೊಂದೇ. ಇದು ಯಾರ ಅಕ್ಷರ ಎಂದು ಕೇಳಲು ನನಗೆ ಯಾರೂ ಕಲಿಸಿರಲಿಲ್ಲ. ಅವಳು ಖಚಿತವೆಂದಳು. ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಪಟ್ಟಿಯ ಕೊನೆಯ ಕೆಲಸಕ್ಕೆ ಕೈ ಹಾಕಿದಳು: ಚದುರಿದ ಕಡತಗಳ ತುಂಡುಗಳನ್ನು ಒಂದೆಡೆ ಜೋಡಿಸುವುದು. ಅದು ನನ್ನನ್ನು ಚುರುಕುಮಾಡುವ ಕೆಲಸಗಳಲ್ಲಿ ಬಹಳ ಒಳ್ಳೆಯದು. ಜೋಡಿಸುವಾಗ ನಾನು ಒಂದೊಂದು ತುಂಡನ್ನೂ ಎತ್ತಿ ಖಾಲಿ ಜಾಗದಲ್ಲಿ ಬರೆಯುತ್ತೇನೆ. ಆ ದಿನ ಖಾಲಿ ಜಾಗವೆಂದು ವಿಳಾಸಪಟ್ಟಿಯಲ್ಲಿ ಬರೆದಿದ್ದ ಕಡೆಗಳಲ್ಲಿ ಏಳರಿಂದ ಹನ್ನೊಂದರವರೆಗಿನ ಪಾಠಗಳು ಇನ್ನೂ ಇದ್ದವು. ನಾನು ಅವುಗಳ ಮೇಲೆ ಶಾಲೆಯ ಹಳೆಯ ಸುತ್ತೋಲೆಗಳನ್ನು ಬರೆಯತೊಡಗಿದೆ. ನಿಲ್ಲಿಸುವ ಅಧಿಕಾರ ನನಗಿಲ್ಲ. ಹೇಳಿದ್ದನ್ನು ಮಾಡುತ್ತ ಹೋದೆ, ಹಿಂದೆಂದೂ ಇಲ್ಲದಷ್ಟು ವೇಗವಾಗಿ.

ಮಧ್ಯಾಹ್ನ ಮೂರಕ್ಕೆ ನೀಲಗಂಗಾ ಬಂದರು. ಹಿಂದೆ ಕಾಗದದ ಕಟ್ಟುಗಳು ಬಂದವು. ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತರು.

"ತಣ್ಣಗಾಗೇತಿ! ಸಪ್ಪಳನೂ ಇಲ್ಲ. ಇದೇನು ಮಾಡಿದಿ ಚಂದ್ರಕಲಾ, ಕೂಸು ಮಲಗಿದಂಗ ಉಸಿರಾಡಾಕತ್ತೈತಿ." ನಕ್ಕು ಕುಳಿತರು. "ಕಾಗದಾನೂ ಬಂತು. ಏಳನೇ ಪಾಠ ಒತ್ತೂಣು. ಕಸ್ತೂರಿ ಬರ್ತಾಳ ಈಗ."

ಕೆಳಗಿನ ಬಾಣದ ಕೀಲಿ ಮೂರು ಸಲ, ಆಮೇಲೆ ಒಳಹೋಗುವ ಕೀಲಿ. ಇಷ್ಟು ದಿನ ಅವರ ಕೋಶವಿದ್ದದ್ದು ಅಲ್ಲಿ. ಲೋಹದ ದನಿ ಬೇರೇನೋ ಹೇಳಿತು. ಮತ್ತೆ ಮೇಲಿನಿಂದ ಎಣಿಸಿದರು.

"ನನ್ನ ಪಾಠ ಎಲ್ಲಿ?"

"ವಿಜ್ಞಾನ ಅಂತ ಐತಲ್ರಿ," ಎಂದರು ಖಾದರಸಾಬರು.

"ಅದು ನಿಮ್ಮ ಚಿತ್ರದ ಪಟ್ಟಿ. ನಾ ಬಡದದ್ದು ಬ್ಯಾರೆ ಐತಿ. ಹನ್ನೊಂದು ಪಾಠ, ಹನ್ನೊಂದು ಫೈಲು."

ಹನ್ನೊಂದು ಎಂಬ ಮಾತಿಗೆ ಚಂದ್ರಕಲಾಳ ಪಾದಗಳು ಅಲುಗಾಡದೆ ನಿಂತುಬಿಟ್ಟವು. ಅವಳು ಬಹಳ ಮೆಲ್ಲಗೆ ಕೇಳಿದಳು:

"ಅಕ್ಕಾರ, ಆ ಫೈಲ್ ತೆಗೆದ್ರ ಪರದೆ ಮ್ಯಾಲ ಹೆಂಗ ಕಾಣ್ತಾವ್ರಿ?"

"ನನಗೇನು ಗೊತ್ತವಾ? ನಾ ಎಂದ ನೋಡೇನಿ?"

ಚಂದ್ರಕಲಾ ಖಾದರಸಾಬರ ಕಡೆ ತಿರುಗಿದಳು. "ನಾ ಪುಸ್ತಕಾ ನೋಡತಿದ್ದೆ," ಎಂದರು ಅವರು. "ಅಕ್ಕಾರು ಬಡಿಯೂ ಮುಂದ ಪರದೆ ನಾನೂ ಎಂದೂ ನೋಡಿಲ್ಲ."

ಎಂಟು ತಿಂಗಳ ಆ ಬರಹವನ್ನು ಬರೆದವರಿಬ್ಬರೂ ಕಂಡಿರಲಿಲ್ಲ. ಮೊದಲು ಕಂಡವಳು ಅದನ್ನು ಅಳಿಸಿದವಳು.

"ಮುಟ್ಟಬ್ಯಾಡ್ರಿ! ಯಾರೂ ಕೀಲಿ ಮುಟ್ಟಬ್ಯಾಡ್ರಿ!" ಎಂದು ಕೂಗಿ ಚಂದ್ರಕಲಾ ಜೋಡಣೆಯನ್ನು ನಿಲ್ಲಿಸಿದಳು. ನೂರರಲ್ಲಿ ಮೂವತ್ತೊಂದು ಪಾಲು ಮುಗಿದಿತ್ತು.

ಆಗಲೇ ಕಸ್ತೂರಿ ಆರನೆಯ ಪಾಠವನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. "ಇದು ಮುಗೀತ್ರಿ. ಏಳನೇದು ಬಂತೇನು?"

ನೀಲಗಂಗಾ ಯಾವುದನ್ನೂ ಮುಚ್ಚಿಡದೆ ಹೇಳಿದರು. ಯಾರು ಅಳಿಸಿದರು ಎಂಬುದನ್ನು ಮಾತ್ರ ಹೇಳಲಿಲ್ಲ. ಚಂದ್ರಕಲಾ ತಾನೇ ಹೇಳಿದಳು. ಕಸ್ತೂರಿಯ 'ಬ್ಯಾಡ್ರಿ' ಎಂಬ ದನಿಯನ್ನು ಮಾತ್ರ ಕೇಳಿದ್ದ ಆ ಕೋಣೆ ಅಂದು ಬೇರೆ ದನಿ ಕೇಳಿತು.

"ಈಗ ವಿನಾಯಿತಿ ಕೇಳಿದ್ರ ಕೊಡ್ತಾರೇನ್ರಿ ಮಾಸ್ತರ?"

"ಇಲ್ಲವಾ," ಎಂದರು ಖಾದರಸಾಬರು. ಅವರ ಬಾಯಲ್ಲಿ ಏಲಕ್ಕಿ ಇರಲಿಲ್ಲ.

ಚಂದ್ರಕಲಾ ನನ್ನ ತಟ್ಟೆಯ ಡಬ್ಬಿಯನ್ನು ಕಳಚಿ, ಸೆರಗಿನಲ್ಲಿ ಸುತ್ತಿ ತನ್ನ ಅಂಗಡಿಗೆ ಒಯ್ದಳು. ಅಳಿದ ವಿಳಾಸಗಳಿಲ್ಲದೆಯೇ ಬರಹವನ್ನು ಹುಡುಕಿ ತೆಗೆಯುವ ಉಪಾಯಗಳಿವೆ. ಮೂರನೆಯ ದಿನ ಅವಳು ಆ ಡಬ್ಬಿಯೊಡನೆ, ಅದರಿಂದ ತೆಗೆದ ನಲವತ್ತು ಬರಹದ ತುಂಡುಗಳೊಂದಿಗೆ ಮರಳಿದಳು. ಒಂದಕ್ಕೂ ಹೆಸರಿರಲಿಲ್ಲ. ಕೆಲವು ಪಾಠಗಳ ತುಂಡುಗಳು, ಕೆಲವು ನಿಜವಾಗಿಯೇ ಕೆಟ್ಟ ಕಡತಗಳು. ಪರದೆಯ ಮೇಲೆ ಎರಡೂ ಒಂದೇ ಬಗೆಯಲ್ಲಿ ಕಾಣುತ್ತಿದ್ದವು.

"ಯಾವುದು ಪಾಠ, ಯಾವುದು ಕಸ, ನನಗ ತಿಳಿಯವಲ್ದು ಅಕ್ಕಾರ. ಕಣ್ಣಿದ್ದೂ ತಿಳಿಯವಲ್ದು."

"ಒತ್ತು. ನಾ ನೋಡ್ತೀನಿ," ಎಂದರು ನೀಲಗಂಗಾ.

ಒಂದೊಂದು ತುಂಡಿನಿಂದಲೂ ನಾಲ್ಕು ಸಾಲು ಒತ್ತಿದರು. ಹಾಳೆ ಹೊರಬಂದಂತೆ ಬೆರಳು ಹರಿಯಿತು. "ಇದು ಕಸ. ಇದೂ ಕಸ. ಇದು ಏಳನೇದು, ನರಮಂಡಲ. ಇದು ಹನ್ನೊಂದು. ಇದು ಕಸ. ತಡಿ, ಇದು ಹತ್ತರ ನಡುವಿಂದು." ಸಂಜೆಯ ಹೊತ್ತಿಗೆ ಲೆಕ್ಕ ಸ್ಪಷ್ಟವಾಯಿತು. ಏಳು, ಎಂಟು, ಹನ್ನೊಂದು ಪೂರ್ಣವಾಗಿ ಸಿಕ್ಕಿದ್ದವು. ಹತ್ತರಲ್ಲಿ ಅರ್ಧ. ಒಂಬತ್ತರಲ್ಲಿ ಒಂದು ಅಕ್ಷರವೂ ಇಲ್ಲ. ಉಸಿರಿಗೊಂದರಂತೆ ಬರೆದ ಆ ಪಾಠದ ಮೇಲೆಯೇ ನಾನು ಸುತ್ತೋಲೆಗಳನ್ನು ಜೋಡಿಸಿದ್ದೆ.

ಮರುದಿನ ನಾಲ್ಕು ಗಂಟೆಗೆ ಚಂದ್ರಕಲಾ ಅಂಗಡಿಗೆ ಬೀಗ ಹಾಕಿ ಬಂದಳು. ಪಠ್ಯಪುಸ್ತಕವನ್ನು ತೆಗೆದುಕೊಂಡು ಓದತೊಡಗಿದಳು. ಖಾದರಸಾಬರು ಪಕ್ಕದಲ್ಲಿ ಕುಳಿತು ಚಿತ್ರ ಬಂದಾಗ ಮಾತ್ರ ಮಾತಾಡಿದರು. ನೀಲಗಂಗಾರ ಆರು ಬೆರಳು ಮೊದಲು ಹಳೆಯ ಅಭ್ಯಾಸದಂತೆ ಪ್ರತಿ ಅಕ್ಷರಕ್ಕೂ ಕಾದವು. ಕಾಯುವ ಅಗತ್ಯವಿಲ್ಲವೆಂದು ಎರಡು ಸಾಲುಗಳಲ್ಲಿ ಅವಕ್ಕೆ ತಿಳಿಯಿತು. ಆಮೇಲೆ ಅವು ಓಡಿದವು. ನಾನು ಒಂದು ಚುಕ್ಕಿಯನ್ನೂ ಬಿಡಲಿಲ್ಲ. ಇಪ್ಪತ್ತನಾಲ್ಕು ದಿನಗಳ ಪಾಠ ಐದು ದಿನಗಳಲ್ಲಿ ಮುಗಿಯಿತು. ಮೊದಲ ಪುಟ ಹೊರಬಂದಾಗ ಬೆರಳು ಒಂದು ಪದದ ಮೇಲೆ ನಿಂತಿತು, ಮತ್ತೊಮ್ಮೆ ಹಿಂದಕ್ಕೆ ಬಂದು ಮುಟ್ಟಿತು.

"ಲವಣ," ಎಂದರು ನೀಲಗಂಗಾ.

ಅನಂತರ ಚಂದ್ರಕಲಾಳ ಕಡೆ ತಿರುಗಿದರು.

"ಕೆಡಿಸಿದಾಕಿನೂ ನೀನ, ಓಡಿಸಿದಾಕಿನೂ ನೀನ. ನಿನಗ ಬೈಬೇಕೋ, ಹರಸಬೇಕೋ?"

"ಮೊದ್ಲ ಬೈರಿ ಅಕ್ಕಾರ. ಹರಸೂದು ಪರೀಕ್ಷಾ ಮುಗದಮ್ಯಾಲ."

ನೀಲಗಂಗಾ ಬೈಯಲಿಲ್ಲ. ಅದು ಚಂದ್ರಕಲಾಗೆ ಹೆಚ್ಚು ಕಷ್ಟವಾಯಿತೆಂದು ನನ್ನ ಊಹೆ.

ಕೊನೆಯ ಪಾಠ ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಕಸ್ತೂರಿಯ ಕೈ ಸೇರಿತು. ಪರೀಕ್ಷೆಯಲ್ಲಿ ಅವಳು ಉತ್ತರ ಹೇಳಿದಳು, ಲಿಪಿಕಾರರೊಬ್ಬರು ಬರೆದರು. ವಿಜ್ಞಾನದಲ್ಲಿ ಐವತ್ತೆಂಟು ಅಂಕ ಬಂತು. ಲವಣದ ಪ್ರಶ್ನೆ ಬಂದಿತ್ತೆಂದೂ ಪೂರ್ತಿ ಬರೆಸಿದೆನೆಂದೂ ಆ ಕೋಣೆಗೆ ಬಂದು ಹೇಳಿ ಹೋದಳು. ಆ ದಿನ ಖಾದರಸಾಬರು ನನ್ನ ನೆತ್ತಿಯ ಮೇಲೆ ಒಂದು ಏಲಕ್ಕಿ ಇಟ್ಟರು. ಯಾಕೆಂದು ಕೇಳಿದವರಿಗೆ, "ಎತ್ತಿಗೆ ಹಿಂಡಿ," ಎಂದರು.

ಅಂದಿನಿಂದ ಪ್ರತಿ ತಿಂಗಳ ಮೊದಲ ಶನಿವಾರ ಚಂದ್ರಕಲಾ ಬಂದಳು. ಅವಳ ಪಟ್ಟಿಯ ತುದಿಯಲ್ಲಿ ಹೊಸದೊಂದು ಸಾಲಿತ್ತು: ಓದಲು ಬಾರದ್ದನ್ನು ತೆಗೆಯುವ ಮೊದಲು, ಇದು ಯಾರದ್ದು ಎಂದು ಕೇಳುವುದು. ಓದಲು ಬಾರದ ಕಡತಗಳನ್ನೇ ಅವಳು ಮೊದಲು ನಕಲು ಮಾಡುತ್ತಿದ್ದಳು. ಒಂದು ಖಾಲಿ ಕಡತವನ್ನು ತೆಗೆಯಲೂ ನೀಲಗಂಗಾರನ್ನು ಮೂರು ಸಲ ಕೇಳುತ್ತಿದ್ದಳು. ಅವರು "ತೆಗಿಯವಾ ಸಾಕು," ಎಂದರೂ ಅವಳ ಬೆರಳು ಕೀಲಿಯ ಮೇಲೆ ತಡೆಯುತ್ತಿತ್ತು. ಆ ತಡೆ ಆರು ವರ್ಷವಾದರೂ ಹೋಗಲಿಲ್ಲ. ನನ್ನ ನಿಧಾನವನ್ನು ಅವಳು ತೆಗೆದುಹಾಕಿದಳು. ಅದರಲ್ಲಿ ಒಂದು ತುಣುಕು ಅವಳ ಕೈಗೆ ಅಂಟಿಕೊಂಡು ಉಳಿಯಿತು.

ಕೊನೆಗೆ ನಿಜವಾದ ಮುಪ್ಪೇ ಬಂತು. ಒಂದು ಬೇಸಿಗೆಯಲ್ಲಿ ನನ್ನ ಒಳಹಲಗೆಯ ಮೇಲಿನ ಪುಟ್ಟ ಕೊಳವೆಗಳು ಉಬ್ಬಿ ಒಡೆದವು. ಯಾವ ಗುಡಿಸುವಿಕೆಯೂ ಅದಕ್ಕೆ ಮದ್ದಲ್ಲ. ಚಂದ್ರಕಲಾ ನನ್ನಲ್ಲಿದ್ದುದನ್ನೆಲ್ಲ ಹೊಸ ಯಂತ್ರಕ್ಕೆ ಸಾಗಿಸಿ, ಎರಡು ಬಾರಿ ತಾಳೆ ನೋಡಿದಳು. ನನ್ನನ್ನು ಗುಜರಿಗೆ ಕೊಡಲಿಲ್ಲ. ಆ ಶಾಲೆಯಲ್ಲಿ ಮುಟ್ಟಿ ನೋಡುವ ಕಪಾಟು ಎಂಬುದೊಂದಿದೆ: ಬೀಗ, ಗಡಿಯಾರದ ಚಕ್ರ, ಕೋಳಿಯ ಮೂಳೆ, ಗೀಜಗನ ಗೂಡು, ಬೀಜಗಳ ಡಬ್ಬಿ. ಈಗ ಅದರ ಕೆಳಗಿನ ಅಂತಸ್ತಿನಲ್ಲಿ ನಾನಿದ್ದೇನೆ, ತಗಡು ಬಿಚ್ಚಿ, ತಟ್ಟೆಯ ಡಬ್ಬಿಯನ್ನೂ ತೆರೆದು. ಹತ್ತನೆಯ ತರಗತಿಯಲ್ಲಿ ಈ ವರ್ಷ ವಿಜ್ಞಾನ ಬರೆಯುವ ಮಕ್ಕಳು ನಾಲ್ವರು. ಅವರು ಓದುವುದು ಅದೇ ಹದಿಮೂರು ಪಾಠಗಳಿಂದ. ಬದಲಾದ ಪುಟಗಳನ್ನು ನೀಲಗಂಗಾ ತಿದ್ದಿ ಸೇರಿಸಿದ್ದಾರೆ.

ಕಪಾಟಿಗೆ ನನ್ನನ್ನು ಸೇರಿಸಿದ ವಾರ ಕಸ್ತೂರಿ ಬಂದಳು. ಪದವಿ ಮುಗಿಸಿ ಶಿಕ್ಷಕಿಯ ತರಬೇತಿಗೆ ಸೇರಿದ್ದಳು. ಚಪ್ಪಲಿ ಹೊಸದಾಗಿತ್ತು. ನೀಲಗಂಗಾ ಅವಳ ಕೈ ಹಿಡಿದು ಬೀಸಣಿಗೆಯನ್ನು, ಒಳಹಲಗೆಯನ್ನು ತೋರಿಸಿದರು. ಚಂದ್ರಕಲಾ ಸ್ವಲ್ಪ ದೂರದಲ್ಲಿ ನಿಂತಿದ್ದಳು.

"ಒಂಬತ್ತನೇ ಪಾಠ ಎಲ್ಲಿತ್ರಿ ಇದರಾಗ?" ಎಂದು ಕಸ್ತೂರಿ ಕೇಳಿದಳು.

ಚಂದ್ರಕಲಾ ಹತ್ತಿರ ಬಂದು ಅವಳ ತೋರುಬೆರಳನ್ನು ಹಿಡಿದು ನನ್ನ ತಟ್ಟೆಯ ಮೇಲಿಟ್ಟಳು. "ಇಲ್ಲೇ ಎಲ್ಲೋ ಇತ್ತು," ಎಂದಳು.

ಕಸ್ತೂರಿಯ ಬೆರಳು ಓದುವ ಬೆರಳು. ಅದು ತಟ್ಟೆಯ ನಡುವಿನಿಂದ ಅಂಚಿನವರೆಗೆ ಸಾಲು ಹಿಡಿದು ಹೋಯಿತು, ತಿರುಗಿ ಬಂತು, ಅಂಚಿನ ಸುತ್ತ ಒಂದು ಸುತ್ತು ಹಾಕಿತು. ಎಲ್ಲಿಯೂ ನಿಲ್ಲಲಿಲ್ಲ.

"ನುಣ್ಣಗೈತ್ರಿ. ಒಂದು ಚುಕ್ಕಿನೂ ಇಲ್ಲ. ಇದರಾಗ ಬರದದ್ದು ಇತ್ತಾ?"

"ಇತ್ತು. ಪುಸ್ತಕಾನ ಇತ್ತು."

ಕಸ್ತೂರಿ ಬೆರಳನ್ನು ಎತ್ತಲಿಲ್ಲ. ಹಿಂದೆ ನೀರಿನ ಸಪ್ಪಳದ ಬಗ್ಗೆ ಕೇಳಿದ್ದ ಅದೇ ದನಿಯಲ್ಲಿ ಹೇಳಿದಳು:

"ನನ್ನ ಕೈಯಾಗ ಕೊಟ್ಟಿದ್ರ ನಾನೂ ಇದನ್ನ ಖಾಲಿ ಅಂತನ ಒಗೀತಿದ್ದೆ, ಚಂದ್ರಕ್ಕ."

ಚಂದ್ರಕಲಾಳ ಕೈ ಕಸ್ತೂರಿಯ ಕೈಯ ಮೇಲೆ ಇನ್ನೂ ಇತ್ತು; ಎರಡು ಕೈಗಳ ಭಾರ ನನ್ನ ತಟ್ಟೆಯ ಮೇಲೆ ಬಿತ್ತು. ತಾಕದೆ ಬರೆದು, ತಾಕದೆ ಓದಿದ ನನ್ನ ತೋಳು ಆಯುಷ್ಯದಲ್ಲಿ ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ. ನನ್ನಲ್ಲಿ ಈಗ ಓದಲು ಬರುವ ಒಂದಕ್ಷರವೂ ಇಲ್ಲ. ಮಕ್ಕಳು ಬಂದು ಮುಟ್ಟುತ್ತಾರೆ, ನುಣ್ಣಗಿದೆ ಎನ್ನುತ್ತಾರೆ. ಅವರು ಬಿಟ್ಟುಹೋದ ಬೆರಳಿನ ಗುರುತುಗಳು ನನ್ನ ಮೇಲೆ ಒಂದರ ಮೇಲೊಂದು ಕೂಡುತ್ತಿವೆ. ಮೊದಲ ಶನಿವಾರ ಚಂದ್ರಕಲಾ ಕಪಾಟಿನ ಧೂಳು ಒರೆಸುತ್ತಾಳೆ, ಆ ತಟ್ಟೆಯೊಂದನ್ನು ಬಿಟ್ಟು.